ಹೊಡೆದುಹಾಕಿದ ಮೇಲೂ ಉಳಿಯುವ ಷರತ್ತು

ಈ ಅಂಕಣಕ್ಕೆ ಬರುವ ಗಣಿತದ ಪ್ರಶ್ನೆಗಳಲ್ಲಿ ಒಂದು ಮಾತ್ರ ಪ್ರತಿ ವರ್ಷ ತಪ್ಪದೆ ಬರುತ್ತದೆ. ಕೇಳುವವರು ಬೇರೆ ಬೇರೆ: ಹತ್ತನೇ ತರಗತಿಯ ಹುಡುಗ, ಈಗಷ್ಟೇ ಪಿಯುಸಿಗೆ ಸೇರಿದ ಹುಡುಗಿ, ಮಗಳ ಹೋಂವರ್ಕ್ ನೋಡಲು ಕೂತ ತಾಯಿ. ಪ್ರಶ್ನೆ ಒಂದೇ. "ಮೇಷ್ಟ್ರೇ, ಛೇದದಲ್ಲಿದ್ದ (ಕ್ಷ − 3) ಅನ್ನು ಅಂಶದಲ್ಲಿದ್ದ (ಕ್ಷ − 3) ಜೊತೆ ಹೊಡೆದುಹಾಕಿದ್ದಾಯಿತು. ಈಗ ಅದು ಲೆಕ್ಕದಲ್ಲಿ ಎಲ್ಲೂ ಇಲ್ಲ. ಆದರೂ ಉತ್ತರದ ಪಕ್ಕದಲ್ಲಿ ಕ್ಷ ಬೆಲೆ 3 ಆಗಬಾರದು ಅಂತ ಯಾಕೆ ಬರೆಯಬೇಕು?"

ಪುಸ್ತಕದಲ್ಲಿ ಎಕ್ಸ್ ಇರುವ ಕಡೆ ನಾನು ಇಲ್ಲಿ ಕ್ಷ ಎಂದೇ ಬರೆಯುತ್ತೇನೆ.

ಪ್ರಶ್ನೆ ನ್ಯಾಯವಾದದ್ದು. ಇದನ್ನು ಕೇಳುವ ಮಗು ಲೆಕ್ಕವನ್ನು ಯಾಂತ್ರಿಕವಾಗಿ ಮಾಡುತ್ತಿಲ್ಲ, ಯೋಚಿಸುತ್ತಿದೆ ಎಂದು ಅರ್ಥ. ಅಂಥ ಮಗುವಿಗೆ "ಅದು ನಿಯಮ, ಬರಿ" ಎಂದಷ್ಟೇ ಹೇಳಿ ಕಳಿಸಿದರೆ ಪರೀಕ್ಷೆಯ ದಿನ ಮೊದಲು ಮರೆತುಹೋಗುವುದು ಆ ನಿಯಮವೇ. ಆ ಒಂದು ಸಾಲು ಬರೆಯದೆ ಹೋದರೆ ಉತ್ತರ ಅರ್ಧವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಎಂಬುದನ್ನು ಇವತ್ತು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಭಾಗಾಕಾರದ ಅರ್ಥಕ್ಕೇ ಹೋಗಬೇಕು. 6 ಅನ್ನು 2ರಿಂದ ಭಾಗಿಸಿದರೆ 3 ಎನ್ನುತ್ತೇವೆ, ಏಕೆಂದರೆ 3 ಮತ್ತು 2ರ ಗುಣಲಬ್ಧ 6. ಭಾಗಾಕಾರ ಎಂದರೆ ಒಂದು ಹುಡುಕಾಟ. ಯಾವ ಸಂಖ್ಯೆಯನ್ನು ಭಾಜಕದಿಂದ ಗುಣಿಸಿದರೆ ಭಾಜ್ಯ ಸಿಗುತ್ತದೋ ಆ ಸಂಖ್ಯೆಯನ್ನು ಹುಡುಕುತ್ತೇವೆ. ಈಗ 6 ಅನ್ನು ಸೊನ್ನೆಯಿಂದ ಭಾಗಿಸಿ ನೋಡಿ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ 6 ಬರುತ್ತದೆ? ಯಾವುದರಿಂದಲೂ ಬರುವುದಿಲ್ಲ, ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆಯೇ. ಇನ್ನು ಸೊನ್ನೆಯನ್ನೇ ಸೊನ್ನೆಯಿಂದ ಭಾಗಿಸಿ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಬರುತ್ತದೆ? 1 ಆದೀತು, 7 ಆದೀತು, 5/6 ಕೂಡ ಆದೀತು, ಎಲ್ಲವೂ ಆದಾವು. ಒಂದು ಕಡೆ ಉತ್ತರವೇ ಇಲ್ಲ, ಇನ್ನೊಂದು ಕಡೆ ಲೆಕ್ಕವಿಲ್ಲದಷ್ಟು ಉತ್ತರಗಳು. ಒಂದೇ ಒಂದು ಉತ್ತರ ಕೊಡಬೇಕಾದ ಭಾಗಾಕಾರ ಎರಡೂ ಕಡೆ ಕೈಚೆಲ್ಲುತ್ತದೆ. ಕೈಚೆಲ್ಲುವ ಬಗೆ ಮಾತ್ರ ಬೇರೆ ಬೇರೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬರಿಯ ಅಂಕಿಗಳಿರುವಾಗ ಈ ಅಪಾಯ ಕಣ್ಣಿಗೆ ಕಾಣುತ್ತದೆ. ಛೇದದಲ್ಲಿ ಸೊನ್ನೆ ಕಂಡರೆ ಎಂಟನೇ ತರಗತಿಯ ಮಗುವೂ ತಡೆಯುತ್ತದೆ, ಭಾಗಲಬ್ಧ ಸಂಖ್ಯೆಯ ವ್ಯಾಖ್ಯೆಯಲ್ಲೇ ಛೇದ ಸೊನ್ನೆಯಾಗಿರಬಾರದು ಎಂದು ಕಲಿತಿರುತ್ತದೆ. ಅಕ್ಷರಗಳು ಬಂದಾಗ ಸೊನ್ನೆ ಅಡಗಿ ಕೂರುತ್ತದೆ. (ಕ್ಷ − 3) ನೋಡಲು ಸೊನ್ನೆಯಂತೆ ಕಾಣುವುದಿಲ್ಲ, ಕ್ಷ 3 ಆದ ಕ್ಷಣದಲ್ಲಿ ಮಾತ್ರ ಸೊನ್ನೆಯಾಗುತ್ತದೆ. ಮೇಲೊಂದು ಬಹುಪದೋಕ್ತಿ, ಕೆಳಗೊಂದು ಬಹುಪದೋಕ್ತಿ ಇಟ್ಟು ಬರೆದ ಭಿನ್ನವನ್ನೇ ಭಾಗಲಬ್ಧ ಬೀಜೋಕ್ತಿ ಎನ್ನುತ್ತೇವೆ. ಅದರ ಛೇದವನ್ನು ಸೊನ್ನೆ ಮಾಡಿಬಿಡುವ ಕ್ಷ ಬೆಲೆಗಳು ಯಾವುವೋ ಅವೇ ಹೊರಗಿಡಬೇಕಾದ ಬೆಲೆಗಳು. ಅವನ್ನು ಹುಡುಕುವ ದಾರಿಯಲ್ಲಿ ಗುಟ್ಟೇನಿಲ್ಲ: ಛೇದವನ್ನಷ್ಟೇ ತೆಗೆದುಕೊಂಡು ಸೊನ್ನೆಗೆ ಸಮ ಎಂದು ಬರೆದು ಬಿಡಿಸಬೇಕು.

ಇಲ್ಲಿ ಮಕ್ಕಳು ಎಡವುವ ಜಾಗಗಳು ಸಾಮಾನ್ಯವಾಗಿ ಗೊತ್ತಿರುವಂಥವೇ. ಅಂಶ ಸೊನ್ನೆಯಾಗುವ ಬೆಲೆಯನ್ನೂ ಹೊರಗಿಡುತ್ತಾರೆ. ಅದು ಬೇಕಿಲ್ಲ, ಅಂಶ ಮಾತ್ರ ಸೊನ್ನೆಯಾದರೆ ಉತ್ತರ ಸೊನ್ನೆ, ಅಷ್ಟೇ. ಛೇದ ಕ್ಷ(ಕ್ಷ − 5) ಆಗಿದ್ದರೆ 5 ಬರೆದು, ಒಂಟಿಯಾಗಿ ನಿಂತ ಕ್ಷ ಕಡೆಗೆ ನೋಡದೆ 0 ಅನ್ನು ಬಿಡುತ್ತಾರೆ. ಛೇದ (ಕ್ಷ² + 9) ಆಗಿದ್ದರೆ ಅಭ್ಯಾಸಬಲದಿಂದ 3 ಮತ್ತು −3 ಎಂದು ಬರೆಯುತ್ತಾರೆ. ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣವಾಗಲಾರದು, ಹಾಗಾಗಿ ಅದಕ್ಕೆ 9 ಕೂಡಿಸಿದರೆ ಸೊನ್ನೆ ಆಗುವುದು ಸಾಧ್ಯವೇ ಇಲ್ಲ. ಅಲ್ಲಿ ಹೊರಗಿಡಬೇಕಾದದ್ದು ಏನೂ ಇಲ್ಲ. ಇವೆಲ್ಲ ಸ್ವಲ್ಪ ಅಭ್ಯಾಸದಿಂದ ಸರಿಹೋಗುವ ತಪ್ಪುಗಳು. ನನ್ನನ್ನು ಕಾಡುವುದು ಓದುಗರು ಕೇಳುವ ಆ ಇನ್ನೊಂದು ಪ್ರಶ್ನೆ.

ಒಂದು ಬೀಜೋಕ್ತಿಯನ್ನೇ ಹತ್ತಿರದಿಂದ ನೋಡೋಣ: (ಕ್ಷ² − ಕ್ಷ − 6) / (ಕ್ಷ² − 9). ಎರಡನ್ನೂ ಅಪವರ್ತಿಸಿದರೆ ಮೇಲೆ (ಕ್ಷ − 3)(ಕ್ಷ + 2), ಕೆಳಗೆ (ಕ್ಷ − 3)(ಕ್ಷ + 3). ಸಮಾನವಾದ (ಕ್ಷ − 3) ಹೊಡೆದುಹಾಕಿದರೆ (ಕ್ಷ + 2) / (ಕ್ಷ + 3) ಉಳಿಯುತ್ತದೆ. ಇದನ್ನು ನೋಡಿದ ವಿದ್ಯಾರ್ಥಿ "ಕ್ಷ −3 ಆಗಬಾರದು" ಎಂದು ಬರೆದು ಪೆನ್ನು ಕೆಳಗಿಡುತ್ತಾನೆ. ಕೊನೆಯ ಸಾಲಿನಲ್ಲಿ ಕಾಣುವುದು ಅದೊಂದೇ ತಾನೆ? ಆದರೆ ಲೆಕ್ಕ ಶುರುವಾದದ್ದು ಕೊನೆಯ ಸಾಲಿನಿಂದಲ್ಲ. ಮೊದಲ ಸಾಲಿನ ಛೇದ (ಕ್ಷ² − 9), ಅದು 3ರಲ್ಲೂ ಸೊನ್ನೆ, −3ರಲ್ಲೂ ಸೊನ್ನೆ. ಹೊರಗಿಡಬೇಕಾದ ಬೆಲೆಗಳು ಎರಡು.

ಹೊಡೆದುಹಾಕುವುದು ಎಂದರೆ ಏನು ಎಂದು ಒಮ್ಮೆ ಕೇಳಿಕೊಂಡರೆ ಗೊಂದಲ ಬಗೆಹರಿಯುತ್ತದೆ. ಮೇಲೂ ಕೆಳಗೂ ಇರುವ (ಕ್ಷ − 3) ಮೇಲೆ ಗೀಟು ಎಳೆದಾಗ ನಾವು ಮಾಡಿದ್ದು ಅಂಶ ಮತ್ತು ಛೇದ ಎರಡನ್ನೂ (ಕ್ಷ − 3)ರಿಂದ ಭಾಗಿಸುವ ಕೆಲಸ. (ಕ್ಷ − 3) ಸೊನ್ನೆಯಲ್ಲ ಎಂದು ಒಪ್ಪಿಕೊಂಡ ಮೇಲಷ್ಟೇ ಆ ಗೀಟು ಎಳೆಯುವ ಹಕ್ಕು ನಮಗೆ ಬರುತ್ತದೆ. ಕ್ಷ 3 ಆಗಿದ್ದರೆ ಆ ಹೆಜ್ಜೆಯೇ ಇಲ್ಲ. ಹೀಗಿರುವಾಗ ಷರತ್ತನ್ನು ಒಪ್ಪಿಕೊಂಡು ಗೀಟು ಎಳೆದು, ಆಮೇಲೆ ಷರತ್ತನ್ನೇ ಮರೆಯುವುದು ಸರಿಯಲ್ಲ. ಜಮೀನು ಕೊಳ್ಳುವವರು ಈ ವರ್ಷದ ಪಹಣಿಯನ್ನು ನೋಡಿ ಸುಮ್ಮನಾಗುವುದಿಲ್ಲ, ಹಿಂದಿನ ವರ್ಷಗಳ ಋಣಭಾರ ಪತ್ರವನ್ನೂ ತೆಗೆಸುತ್ತಾರಲ್ಲ, ಬೀಜೋಕ್ತಿಯನ್ನೂ ಹಾಗೆ ಮೂಲದಿಂದ ನೋಡಬೇಕು.

"ಆದರೂ (ಕ್ಷ + 2) / (ಕ್ಷ + 3)ರಲ್ಲಿ 3 ಹಾಕಿದರೆ 5/6 ಬರುತ್ತಲ್ಲ" ಎಂಬ ವಾದ ಉಳಿದೇ ಇರುತ್ತದೆ. ಬರುತ್ತದೆ, ನಿಜ. ಅದು ಹೊಸ ಬೀಜೋಕ್ತಿಯ ಉತ್ತರ. ಹಳೆಯದರಲ್ಲಿ 3 ಹಾಕಿ ನೋಡಿ: ಮೇಲೆ 9 − 3 − 6, ಅಂದರೆ ಸೊನ್ನೆ, ಕೆಳಗೆ 9 − 9, ಅದೂ ಸೊನ್ನೆ. ಕ್ಯಾಲ್ಕುಲೇಟರ್ ಎರರ್ ತೋರಿಸುತ್ತದೆ. ಒಂದು ಬೀಜೋಕ್ತಿ 5/6 ಎನ್ನುತ್ತದೆ, ಇನ್ನೊಂದು ಸುಮ್ಮನಿರುತ್ತದೆ ಎಂದಮೇಲೆ ಆ ಬೆಲೆಯಲ್ಲಿ ಅವೆರಡನ್ನೂ ಸಮ ಎನ್ನುವುದು ಹೇಗೆ? −3 ಎರಡಕ್ಕೂ ಮೊದಲೇ ಹೊರಗೆ, ಉಳಿದ ಎಲ್ಲ ಬೆಲೆಗಳಲ್ಲೂ ಅವು ಸಮ. ನಡುವೆ ಸಮ ಚಿಹ್ನೆ ಹಾಕಬೇಕಾದರೆ ಈ ಒಂದು ಬೆಲೆಯನ್ನು ಹೊರಗಿಟ್ಟೇ ಹಾಕಬೇಕು. ಪಕ್ಕದಲ್ಲಿ ಬರೆಯುವ ಷರತ್ತು ಆ ಸಮ ಚಿಹ್ನೆಯನ್ನು ನಿಜ ಮಾಡುತ್ತದೆ.

ಇದೇ ಬೀಜೋಕ್ತಿಯ ಸುತ್ತಮುತ್ತ ಸ್ವಲ್ಪ ಓಡಾಡಿದರೆ ಇನ್ನೂ ಸೊಗಸಾದ ಸಂಗತಿ ಕಾಣುತ್ತದೆ. ಕ್ಯಾಲ್ಕುಲೇಟರ್ ಹಿಡಿದುಕೊಳ್ಳಿ. ಕ್ಷ ಬೆಲೆ 2.99 ಹಾಕಿ, ಸುಮಾರು 0.8331 ಬರುತ್ತದೆ. 3.01 ಹಾಕಿ, ಸುಮಾರು 0.8336. ಎರಡೂ ಕಡೆಯಿಂದ 5/6ರ ಹತ್ತಿರ ಹತ್ತಿರ ಬರುತ್ತಿದೆ, ಅಂದರೆ 0.8333ರ ಕಡೆಗೆ. ಸರಿಯಾಗಿ 3ರಲ್ಲಿ ಮಾತ್ರ ಏನೂ ಇಲ್ಲ. ಗ್ರಾಫ್ ಹಾಳೆಯಲ್ಲಿ ಎಳೆದರೆ ಗೆರೆ ಸಲೀಸಾಗಿ ಸಾಗುತ್ತದೆ, ಒಂದು ಬಿಂದು ಮಾತ್ರ ಕಿತ್ತುಹೋಗಿರುತ್ತದೆ. ಅಲ್ಲಿ ನಾವು ಚಿಕ್ಕದೊಂದು ಖಾಲಿ ವೃತ್ತ ಬರೆಯುತ್ತೇವೆ. ಈಗ −3ರ ಕಡೆ ಬನ್ನಿ. −2.9ರಲ್ಲಿ ಉತ್ತರ −9. −2.99ರಲ್ಲಿ −99. −2.999ರಲ್ಲಿ −999. ಆಚೆ ಕಡೆಯಿಂದ ಬಂದರೆ −3.1ರಲ್ಲಿ 11, −3.01ರಲ್ಲಿ 101. ಒಂದು ಕಡೆ ಪಾತಾಳಕ್ಕೆ ಇಳಿಯುತ್ತಿದೆ, ಇನ್ನೊಂದು ಕಡೆ ಆಕಾಶಕ್ಕೆ ಏರುತ್ತಿದೆ. ಇಲ್ಲಿ ಒಂದು ಬಿಂದು ಕಿತ್ತುಹೋದದ್ದಲ್ಲ, ಗೆರೆಯೇ ತುಂಡಾಗಿ ಎರಡು ದಿಕ್ಕಿಗೆ ಓಡಿದೆ.

ಯಾಕೆ ಹೀಗೆ? ಆಗ ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ವ್ಯತ್ಯಾಸವೇ ಇದು. ಮೂಲ ಬೀಜೋಕ್ತಿಯಲ್ಲಿ −3 ಹಾಕಿದರೆ ಮೇಲೆ 9 + 3 − 6, ಅಂದರೆ 6, ಕೆಳಗೆ ಸೊನ್ನೆ. ಉತ್ತರವೇ ಇಲ್ಲದ ಭಾಗಾಕಾರ ಅದು, ಅದಕ್ಕೇ ಗೆರೆ ಓಡಿಹೋಗುತ್ತದೆ. 3 ಹಾಕಿದರೆ ಸೊನ್ನೆಯ ಕೆಳಗೆ ಸೊನ್ನೆ, ಅಸಂಖ್ಯ ಉತ್ತರಗಳಿರುವ ಭಾಗಾಕಾರ. ಅವುಗಳಲ್ಲಿ ಯಾವುದು ಈ ಜಾಗಕ್ಕೆ ಒಪ್ಪುತ್ತದೆ ಎಂದು ಅಕ್ಕಪಕ್ಕದ ಬಿಂದುಗಳು ಸೂಚಿಸುತ್ತಿವೆ: 5/6. ಪಿಯುಸಿಯಲ್ಲಿ ಲಿಮಿಟ್ ಎಂಬ ಪಾಠ ಬರುತ್ತದಲ್ಲ, ಅದು ಶುರುವಾಗುವುದೇ ಈ ಖಾಲಿ ವೃತ್ತದಿಂದ. ಹೈಸ್ಕೂಲಿನಲ್ಲಿ "ಕ್ಷ 3 ಆಗಬಾರದು" ಎಂದು ಬರೆಯಲು ಕಲಿತ ಮಗುವಿಗೆ ಆ ಪಾಠ ಪರಿಚಿತ ಮುಖದಂತೆ ಬರುತ್ತದೆ. ಬರೆಯದೆ ಬಂದ ಮಗುವಿಗೆ "ಮೂರು ಹಾಕಿದರೆ ಆಯ್ತಲ್ಲ, ಈ ಲಿಮಿಟ್ ಯಾಕೆ?" ಎಂಬ ಗೊಂದಲ ವರ್ಷಪೂರ್ತಿ ಉಳಿಯುತ್ತದೆ. ಇದನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಒಂದು ಎಚ್ಚರಿಕೆ: ಸೊನ್ನೆಯ ಕೆಳಗೆ ಸೊನ್ನೆ ಬಂದ ಕಡೆಯೆಲ್ಲ ಖಾಲಿ ವೃತ್ತವೇ ಇರುತ್ತದೆ ಎಂದುಕೊಳ್ಳಬೇಡಿ. (ಕ್ಷ − 3) / (ಕ್ಷ − 3)² ತೆಗೆದುಕೊಂಡರೆ ಹೊಡೆದುಹಾಕಿದ ಮೇಲೂ ಕೆಳಗೆ ಒಂದು (ಕ್ಷ − 3) ಉಳಿಯುತ್ತದೆ, ಗೆರೆ ಓಡಿಹೋಗುತ್ತದೆ.

ಭಿನ್ನವನ್ನು ಭಿನ್ನದಿಂದ ಭಾಗಿಸುವ ಲೆಕ್ಕದಲ್ಲಿ ಜಾಣ ಮಕ್ಕಳೂ ಒಂದು ಬೆಲೆ ಕಳೆದುಕೊಳ್ಳುತ್ತಾರೆ. (ಕ್ಷ + 1)/(ಕ್ಷ − 2) ÷ (ಕ್ಷ − 4)/(ಕ್ಷ + 5) ಎಂದಿದೆ ಎನ್ನಿ. ಎರಡು ಛೇದಗಳು ಕಾಣುತ್ತವೆ, 2 ಮತ್ತು −5 ಹೊರಗೆ. ಇನ್ನೊಂದಿದೆ. ನಾವು ಭಾಗಿಸುತ್ತಿರುವುದು ಎರಡನೇ ಭಿನ್ನದಿಂದ, ಹಾಗಾದರೆ ಆ ಇಡೀ ಭಿನ್ನವೇ ಸೊನ್ನೆಯಾಗಬಾರದು. ಅದರ ಅಂಶ 4ರಲ್ಲಿ ಸೊನ್ನೆ. ಹಾಗಾಗಿ 4 ಕೂಡ ಹೊರಗೆ. ಅಂಶವನ್ನು ನೋಡಬೇಕಿಲ್ಲ ಎಂಬ ನಿಯಮವನ್ನು ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಸೊನ್ನೆಯಿಂದ ಭಾಗಿಸುವುದು ಎಲ್ಲೆಲ್ಲಿ ನಡೆಯಬಹುದು ಎಂದು ಕೇಳಿಕೊಳ್ಳುವವರು ಸಿಕ್ಕಿಬೀಳುವುದಿಲ್ಲ.

ಸಮೀಕರಣಕ್ಕೆ ಬಂದರೆ ಈ ಮರೆವಿಗೆ ತೆರಬೇಕಾದ ಬೆಲೆ ಹೆಚ್ಚು. ಕ್ಷ/(ಕ್ಷ − 3) = 3/(ಕ್ಷ − 3) + 2 ಎಂಬುದನ್ನು ಬಿಡಿಸಿ. ಎಲ್ಲವನ್ನೂ (ಕ್ಷ − 3)ರಿಂದ ಗುಣಿಸಿದರೆ ಕ್ಷ = 3 + 2(ಕ್ಷ − 3), ಅಲ್ಲಿಂದ ಕ್ಷ = 3. ಹೆಜ್ಜೆಗಳೆಲ್ಲ ಸರಿ, ಕೂಡಿ ಕಳೆದದ್ದರಲ್ಲಿ ತಪ್ಪಿಲ್ಲ, ಉತ್ತರ ಮಾತ್ರ ಉತ್ತರವಲ್ಲ. 3ರಲ್ಲಿ ಸಮೀಕರಣದ ಎರಡೂ ಕಡೆ ಅರ್ಥ ಕಳೆದುಕೊಳ್ಳುತ್ತವೆ. ಹಾಗಾದರೆ ನಿಜವಾದ ಉತ್ತರ? ಈ ಸಮೀಕರಣಕ್ಕೆ ಪರಿಹಾರವೇ ಇಲ್ಲ. ಬಲಗಡೆಯ 3/(ಕ್ಷ − 3) ಅನ್ನು ಎಡಕ್ಕೆ ತಂದು ನೋಡಿ: (ಕ್ಷ − 3)/(ಕ್ಷ − 3) = 2, ಅಂದರೆ 1 = 2 ಎಂದು ಕೇಳುತ್ತಿದೆ ಲೆಕ್ಕ. ಮೊದಲೇ "ಕ್ಷ 3 ಆಗಬಾರದು" ಎಂದು ಬರೆದಿಟ್ಟುಕೊಂಡವರು ಕೊನೆಗೆ ಕ್ಷ = 3 ಬಂದಾಗ ತಕ್ಷಣ ನಿಲ್ಲುತ್ತಾರೆ.

ಇವೆಲ್ಲ ಬರಿಯ ಕಾಗದದ ಮೇಲಿನ ಮಡಿವಂತಿಕೆ ಎನ್ನುವವರಿಗೆ ನಾನು ಹೇಳುವುದು ದೋಣಿಯ ಲೆಕ್ಕ. ವರ್ಗ ಸಮೀಕರಣದ ಪಾಠದಲ್ಲಿ ವರ್ಷಗಳಿಂದ ಮಕ್ಕಳು ಬಿಡಿಸುತ್ತ ಬಂದ ಲೆಕ್ಕ ಅದು. ನಿಂತ ನೀರಿನಲ್ಲಿ ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋಗುವ ದೋಣಿಗೆ 24 ಕಿ.ಮೀ. ದೂರವನ್ನು ಪ್ರವಾಹಕ್ಕೆ ಎದುರಾಗಿ ಸಾಗಲು, ಅದೇ ದೂರವನ್ನು ಪ್ರವಾಹದ ಜೊತೆ ಮರಳುವುದಕ್ಕಿಂತ 1 ಗಂಟೆ ಹೆಚ್ಚು ಬೇಕು. ನೀರಿನ ವೇಗವೆಷ್ಟು? ಅದನ್ನು ಕ್ಷ ಎಂದುಕೊಂಡರೆ 24/(18 − ಕ್ಷ) − 24/(18 + ಕ್ಷ) = 1. ಇಲ್ಲಿ ಹೊರಗಿಡಬೇಕಾದ ಬೆಲೆಗಳು 18 ಮತ್ತು −18. ಈ 18 ಎಂದರೇನು ಎಂದು ಒಂದು ಗಳಿಗೆ ಯೋಚಿಸಿ. ದೋಣಿ 18ರ ವೇಗದಲ್ಲಿ ಮುಂದಕ್ಕೆ ಹೋಗಲು ಹೆಣಗುತ್ತಿದೆ, ನೀರು 18ರ ವೇಗದಲ್ಲಿ ಹಿಂದಕ್ಕೆ ತಳ್ಳುತ್ತಿದೆ. ದಡದಲ್ಲಿ ನಿಂತವರಿಗೆ ದೋಣಿ ಇದ್ದಲ್ಲೇ ಇದೆ. 24 ಕಿ.ಮೀ. ಸಾಗಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲ, ಆ ದೋಣಿ ಯಾವತ್ತೂ ತಲುಪುವುದಿಲ್ಲ. ಅದರ ಹತ್ತಿರದ ಬೆಲೆಗಳನ್ನು ನೋಡಿ: ನೀರಿನ ವೇಗ 12 ಇದ್ದರೆ ಎದುರು ಪ್ರಯಾಣಕ್ಕೆ 4 ಗಂಟೆ, 17 ಇದ್ದರೆ 24 ಗಂಟೆ, 17.9 ಇದ್ದರೆ 240 ಗಂಟೆ, 17.99 ಇದ್ದರೆ 2400 ಗಂಟೆ, ಅಂದರೆ 100 ದಿನ. ಗ್ರಾಫಿನಲ್ಲಿ ಆಕಾಶಕ್ಕೆ ಏರಿದ ಗೆರೆಯೇ ಇಲ್ಲಿ ಹೊಳೆಯ ಮಧ್ಯೆ ಸಿಕ್ಕಿಕೊಂಡ ದೋಣಿ. ಜಲಾಶಯದಿಂದ ನೀರು ಬಿಟ್ಟು ತುಂಗಭದ್ರೆ ಉಕ್ಕಿ ಹರಿಯುವಾಗ ಹಂಪಿ, ಆನೆಗೊಂದಿ ಕಡೆ ದೋಣಿ, ಹರಿಗೋಲುಗಳನ್ನು ನಿಲ್ಲಿಸಿಬಿಡುತ್ತಾರೆ. ನೀರಿನ ಸೆಳವು ಹುಟ್ಟು ಹಾಕುವ ತೋಳಿನ ಶಕ್ತಿಗೆ ಸಮವಾದರೆ ಏನಾಗುತ್ತದೆ ಎಂದು ಅಂಬಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಸಮೀಕರಣವನ್ನು ಬಿಡಿಸಿದರೆ 6 ಮತ್ತು −54 ಎಂಬ ಎರಡು ಮೂಲಗಳು ಸಿಗುತ್ತವೆ. 6 ಸರಿಯಾದ ಉತ್ತರ: ಹೋಗಲು 2 ಗಂಟೆ, ಬರಲು 1 ಗಂಟೆ. −54 ಅನ್ನೂ ನಾವು ಬಿಡುತ್ತೇವೆ, ಆದರೆ ಕಾರಣ ಬೇರೆ. ಅದನ್ನು ಸಮೀಕರಣದಲ್ಲಿ ಹಾಕಿ ನೋಡಿದರೆ 1/3 + 2/3 = 1 ಎಂದು ಸರಿಯಾಗಿಯೇ ಹೊಂದುತ್ತದೆ. ಬೀಜಗಣಿತಕ್ಕೆ ಅದರ ಬಗ್ಗೆ ತಕರಾರಿಲ್ಲ. ನೀರಿನ ವೇಗ ಋಣ ಸಂಖ್ಯೆಯಾಗಬಾರದು ಎಂದು ಹೊಳೆ ಹೇಳುತ್ತಿದೆ. 18 ಅನ್ನು ಹೊರಗಿಟ್ಟದ್ದು ಛೇದ, −54 ಅನ್ನು ಹೊರಗಿಟ್ಟದ್ದು ಸಂದರ್ಭ. ಈ ಎರಡನ್ನೂ ಒಂದೇ ಗಂಟಿಗೆ ಹಾಕಿ "ಋಣ ಬಂದರೆ ಬಿಡಬೇಕು" ಎಂದು ಕಲಿಸುವುದು ನನಗೆ ಸರಿ ಕಾಣುವುದಿಲ್ಲ. ಏಕೆ ಬಿಟ್ಟೆವು ಎಂಬ ಒಂದು ವಾಕ್ಯವನ್ನು ಮಕ್ಕಳಿಂದ ಬರೆಸಬೇಕು.

ಸೊನ್ನೆಯಿಂದ ಭಾಗಿಸಿದರೆ ಏನು ಎಂಬ ಪ್ರಶ್ನೆ ನಮ್ಮ ದೇಶದ ಗಣಿತಜ್ಞರನ್ನೂ ಶತಮಾನಗಳ ಕಾಲ ಕಾಡಿದೆ. ಕ್ರಿ.ಶ. 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತ ಬರೆದ ಬ್ರಹ್ಮಗುಪ್ತರು ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಸ್ಪಷ್ಟವಾಗಿ ಕೊಟ್ಟರು. ಭಾಗಿಸುವಲ್ಲಿ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದರು. ಬೇರೆ ಸಂಖ್ಯೆಯನ್ನು ಭಾಗಿಸಿದರೆ ಸೊನ್ನೆಯೇ ಛೇದವಾಗಿರುವ ರಾಶಿ ಎಂದು ಹಾಗೆಯೇ ಇಟ್ಟರು. ಒಂಬತ್ತನೇ ಶತಮಾನದಲ್ಲಿ, ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯರು ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಎಂದರು. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇಂದು ಕಲಬುರಗಿ ಜಿಲ್ಲೆಯಲ್ಲಿರುವ ಮಳಖೇಡ. ಸೊನ್ನೆಯಿಂದ ಭಾಗಿಸುವುದೆಂದರೆ ಭಾಗಿಸದೇ ಇರುವುದು ಎಂದು ಮಹಾವೀರಾಚಾರ್ಯರು ಭಾವಿಸಿದ್ದಿರಬಹುದು. ಆದರೆ 6 ಅನ್ನು ಸೊನ್ನೆಯಿಂದ ಭಾಗಿಸಿ 6 ಬಂದರೆ, ತಿರುಗಿ 6 ಅನ್ನು ಸೊನ್ನೆಯಿಂದ ಗುಣಿಸಿದಾಗ 6 ಬರಬೇಕು. ಗುಣಿಸಿದರೆ ಸೊನ್ನೆ ಎಂದು ಅದೇ ಗ್ರಂಥ ಹೇಳುತ್ತದೆ. ಅಷ್ಟು ದೊಡ್ಡ ಗಣಿತಜ್ಞರೇ ಇಲ್ಲಿ ದಾರಿ ಹುಡುಕುತ್ತಿದ್ದರು ಎಂದಮೇಲೆ ನಮ್ಮ ಮಕ್ಕಳಿಗೆ ಇದು ಕಷ್ಟವೆನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1150ರಲ್ಲಿ ಲೀಲಾವತಿಯನ್ನು ಬರೆದ ಭಾಸ್ಕರಾಚಾರ್ಯರ ಒಂದು ಲೆಕ್ಕ. ಅವರು ತಮ್ಮ ಊರು ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರವೇ ಎಂಬುದು ಬಹುಕಾಲದ ನಂಬಿಕೆ, ಒಪ್ಪದ ವಿದ್ವಾಂಸರೂ ಇದ್ದಾರೆ. ಸೊನ್ನೆ ಛೇದವಾಗಿರುವ ರಾಶಿಯನ್ನು ಅವರು ಖಹರ ಎಂದು ಕರೆದು, ಏನು ಕೂಡಿಸಿದರೂ ಕಳೆದರೂ ಬದಲಾಗದ ಅನಂತವೆಂದು ಬಗೆದರು. ಲೀಲಾವತಿಯಲ್ಲಿ ಬರುವ ಲೆಕ್ಕ ಇದು: ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರ ಅರ್ಧವನ್ನು ಕೂಡಿಸಿ, 3ರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಆಗುತ್ತದೆ, ಆ ಸಂಖ್ಯೆ ಯಾವುದು? ಅವರು ಕೊಡುವ ಉತ್ತರ 14. ಮುಂದೆ ಇನ್ನೂ ಲೆಕ್ಕ ಬಾಕಿಯಿದ್ದರೆ ಸೊನ್ನೆಯಿಂದ ಗುಣಿಸಿದ್ದನ್ನು ಆಗಲೇ ಸೊನ್ನೆ ಮಾಡಿಬಿಡಬೇಡಿ, ಸೊನ್ನೆಯ ಗುಣಕವನ್ನು ಹಾಗೇ ಇಟ್ಟುಕೊಳ್ಳಿ, ಆಮೇಲೆ ಸೊನ್ನೆ ಭಾಜಕವಾಗಿ ಬಂದರೆ ಸಂಖ್ಯೆ ಮೊದಲಿನಂತಾಗುತ್ತದೆ ಎಂಬುದು ಅವರ ಸೂತ್ರ. ಗ್ರಹಗಣಿತದಲ್ಲಿ ಇದರಿಂದ ಬಹಳ ಉಪಯೋಗವಿದೆ ಎಂದೂ ಹೇಳುತ್ತಾರೆ.

ಇಂದಿನ ಕ್ರಮದಲ್ಲಿ ನಾವು ಸೊನ್ನೆಯ ಜಾಗದಲ್ಲಿ ಕ್ಷ ಇಡುತ್ತೇವೆ. ಹುಡುಕುತ್ತಿರುವ ಸಂಖ್ಯೆ ನ ಆಗಿರಲಿ. ನಕ್ಷ ಮತ್ತು ಅದರ ಅರ್ಧ ಕೂಡಿದರೆ ಒಂದೂವರೆ ನಕ್ಷ, 3ರಿಂದ ಗುಣಿಸಿದರೆ ನಾಲ್ಕೂವರೆ ನಕ್ಷ, ಕ್ಷದಿಂದ ಭಾಗಿಸಿದರೆ ನಾಲ್ಕೂವರೆ ನ. ಅದು 63 ಆದರೆ ನ ಬೆಲೆ 14. ಕ್ಷ ಎಷ್ಟೇ ಚಿಕ್ಕದಿರಲಿ ಉತ್ತರ ಅದೇ. ಕ್ಷ ಸೊನ್ನೆಯಾದಲ್ಲಿ ಮಾತ್ರ ಖಾಲಿ ವೃತ್ತ. ಲಿಮಿಟ್ ಎಂಬ ಕಲ್ಪನೆ ಗಟ್ಟಿಯಾಗುವುದಕ್ಕೆ ಎಷ್ಟೋ ಶತಮಾನ ಮೊದಲೇ ಭಾಸ್ಕರಾಚಾರ್ಯರ ಕಣ್ಣು ಆ ಖಾಲಿ ವೃತ್ತದೊಳಗೆ ಇರಬೇಕಾದ ಸಂಖ್ಯೆಯನ್ನು ಕಂಡಿತ್ತು. ಅವರ ಉತ್ತರಕ್ಕೆ ಇವತ್ತು ನಾವು ಸೇರಿಸುವುದು ಪಕ್ಕದಲ್ಲಿ ಒಂದು ಷರತ್ತು ಮಾತ್ರ: ಕ್ಷ ಸೊನ್ನೆಯಲ್ಲ.

ಆ ಷರತ್ತನ್ನು ಯಂತ್ರಕ್ಕೆ ಹೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನೌಕಾಪಡೆಯ ಯಾರ್ಕ್‌ಟೌನ್ ಯುದ್ಧನೌಕೆಯ ಉದಾಹರಣೆ ಇದೆ. 1997ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾ ಕರಾವಳಿಯಾಚೆ ಅದು ಸಾಗುತ್ತಿದ್ದಾಗ ಸಿಬ್ಬಂದಿಯೊಬ್ಬರು ಕಂಪ್ಯೂಟರಿನ ಒಂದು ಖಾನೆಯಲ್ಲಿ ಸೊನ್ನೆ ತುಂಬಿದರು. ತಂತ್ರಾಂಶ ಆ ಸೊನ್ನೆಯಿಂದ ಭಾಗಿಸಲು ಹೋಯಿತು. ಕಂಪ್ಯೂಟರ್ ಜಾಲ ಕುಸಿದು ನೌಕೆಯನ್ನು ಮುಂದೊಯ್ಯುವ ವ್ಯವಸ್ಥೆಯೇ ನಿಂತುಹೋಯಿತು. ಅಷ್ಟು ದೂರ ಹೋಗುವುದೂ ಬೇಡ. ಹೋದ ವರ್ಷ ಒಂದು ಊರಿನಲ್ಲಿ ಡೆಂಗಿ ಪ್ರಕರಣವೇ ಇರಲಿಲ್ಲ, ಈ ವರ್ಷ 4 ಕಂಡುಬಂದವು ಎಂದುಕೊಳ್ಳಿ. ಶೇಕಡಾ ಎಷ್ಟು ಹೆಚ್ಚಳ? ಹೆಚ್ಚಳವನ್ನು ಹೋದ ವರ್ಷದ ಸಂಖ್ಯೆಯಿಂದ ಭಾಗಿಸಬೇಕು, ಅದು ಸೊನ್ನೆ. ಎಕ್ಸೆಲ್ ಆ ಕೋಶದಲ್ಲಿ ಎರರ್ ತೋರಿಸುತ್ತದೆ. ಕೆಲವರು ಅಲ್ಲಿ ಶೇ 400 ಎಂದು ತುಂಬಿ ವರದಿ ಕಳಿಸುತ್ತಾರೆ. ಅದು ತಪ್ಪು. ಸೊನ್ನೆಯಿಂದ 4ಕ್ಕೆ ಏರಿತು ಎಂದು ಬರೆಯಬೇಕು, ಅಲ್ಲಿ ಶೇಕಡಾವಾರು ಎಂಬುದೇ ಇಲ್ಲ.

ತರಗತಿಯಲ್ಲಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಭಿನ್ನದ ಲೆಕ್ಕ ಶುರುಮಾಡುವ ಮೊದಲು ಬೋರ್ಡಿನ ಬಲತುದಿಯಲ್ಲಿ ಮೇಲಿಂದ ಕೆಳಗೆ ಒಂದು ಗೆರೆ. ಆ ಗೆರೆಯಾಚೆಗೆ ಷರತ್ತುಗಳು ಮಾತ್ರ. ಅಪವರ್ತಿಸಿದ ಕೂಡಲೇ, ಒಂದೇ ಒಂದು ಗೀಟು ಎಳೆಯುವ ಮೊದಲು, ಛೇದದ ಪ್ರತಿ ಅಪವರ್ತನದ ಎದುರು ಆಗಬಾರದ ಬೆಲೆಯನ್ನು ಅಲ್ಲಿ ಬರೆಯಬೇಕು. ಆಮೇಲೆ ಎಡಗಡೆ ಎಷ್ಟು ಬೇಕಾದರೂ ಹೊಡೆದುಹಾಕಿ, ಬಲಗಡೆಯದನ್ನು ಮಾತ್ರ ಡಸ್ಟರ್ ಮುಟ್ಟುವಂತಿಲ್ಲ. ಮಕ್ಕಳು ನೋಟ್‌ಬುಕ್ಕಿನಲ್ಲೂ ಹಾಗೇ ಒಂದು ಮಾರ್ಜಿನ್ ಬಿಡುತ್ತಿದ್ದರು. ಉತ್ತರ ಬಂದ ಮೇಲೆ ಷರತ್ತು ಹುಡುಕುವ ಅಭ್ಯಾಸಕ್ಕಿಂತ ಇದು ಎಷ್ಟೋ ವಾಸಿ. ಉತ್ತರ ಸಿಕ್ಕ ಖುಷಿಯಲ್ಲಿ ಯಾರೂ ಹಿಂದಿರುಗಿ ನೋಡುವುದಿಲ್ಲ.

ಉತ್ತರ ಪತ್ರಿಕೆ ನೋಡುವ ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಶಾಲಾ ಪರೀಕ್ಷೆಗಳಲ್ಲಿ ಆ ಷರತ್ತಿನ ಸಾಲಿಗೆಂದೇ ಅರ್ಧ ಅಂಕ ಎತ್ತಿಡಿ. ಬರೆದವರಿಗೆ ಕೊಡಿ, ಬರೆಯದವರಿಗೆ ಕಡಿಯಿರಿ, ಕಡಿದದ್ದು ಏಕೆ ಎಂದು ಪಕ್ಕದಲ್ಲಿ ಒಂದು ಮಾತು ಬರೆಯಿರಿ. ಸುಲಭರೂಪಕ್ಕಷ್ಟೇ ಅಂಕ ಕೊಟ್ಟರೆ ಸುಲಭರೂಪವೇ ಎಲ್ಲ ಎಂದು ಮಕ್ಕಳು ನಂಬುವುದು ಸಹಜ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಟ್ಟು ಮುಗಿಸುತ್ತೇನೆ: (ಕ್ಷ² − 5ಕ್ಷ)/(ಕ್ಷ² − 25) ÷ ಕ್ಷ/(ಕ್ಷ + 2). ಇದರ ಸುಲಭರೂಪ (ಕ್ಷ + 2)/(ಕ್ಷ + 5). ಅದನ್ನು ನೋಡಿದರೆ ಹೊರಗಿಡಬೇಕಾದ ಬೆಲೆ −5 ಒಂದೇ ಎನ್ನಿಸುತ್ತದೆ. ನಿಜವಾಗಿ ಇರುವುದು ನಾಲ್ಕು. ಉಳಿದ ಮೂರನ್ನು ಪೆನ್ಸಿಲ್ ಹಿಡಿದು ನೀವೇ ಹುಡುಕಿ, ಪ್ರತಿಯೊಂದರ ಮುಂದೆ ಅದನ್ನು ಏಕೆ ಹೊರಗಿಟ್ಟಿರಿ ಎಂದು ಒಂದು ವಾಕ್ಯ ಬರೆಯಿರಿ.